ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ

ಹಳೇ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುತ್ತೇನೆ, ಡಿವಿಡಿ ಡ್ರೈವ್ ಇದ್ದ ಜಾಗವನ್ನೂ ಉಪಯೋಗಕ್ಕೆ ತರುತ್ತೇನೆ ಅಂತ ಹೊರಟಿದ್ದೀಯಲ್ಲ, ಮಾಡು. ಬೇಡ ಅಂತ ತಡೆಯುವವನು ನಾನಲ್ಲ. ಹತ್ತು ಹನ್ನೆರಡು ವರ್ಷದ ಹಿಂದಿನ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ಲಾಭದ ರಿಪೇರಿ ಇನ್ನೊಂದಿಲ್ಲ. ಬಟನ್ ಒತ್ತಿ ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಸುತ್ತುತ್ತಲೇ ಇರುತ್ತಿದ್ದ ಯಂತ್ರ, ನೀನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ತಯಾರಾಗಿರುತ್ತದೆ. ಬಿಚ್ಚಿ ಜೋಡಿಸುವ ಕೆಲಸವೂ ಅರ್ಧ ಗಂಟೆಯದ್ದು. ಆದರೆ ರಿಪೇರಿ ಮೇಜಿನ ಹಿಂದೆ ಇಷ್ಟು ವರ್ಷ ಕೂತವನಾಗಿ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಮುಂದೆ ಕೂತು ಅತ್ತವರಲ್ಲಿ ಸ್ಕ್ರೂ ಬಿಚ್ಚಲು ಬರದೆ ಅತ್ತವರು ಯಾರೂ ಇರಲಿಲ್ಲ. ಬಿಚ್ಚುವ ಮುಂಚೆ ಮಾಡಬೇಕಾದ್ದನ್ನು ಬಿಟ್ಟು ಬಂದವರೇ ಎಲ್ಲರೂ.

ಹಾಗಾಗಿ ಮೊದಲು ಒಳಗಿರುವುದನ್ನು ಇನ್ನೊಂದು ಕಡೆ ಇಳಿಸಿಕೊ. ಹಾರ್ಡ್ ಡಿಸ್ಕ್ ಹೋದರೆ ಇನ್ನೊಂದು ಸಿಗುತ್ತದೆ. ಮದರ್‌ಬೋರ್ಡ್ ಕೂಡ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದರೆ ಸಿಕ್ಕೀತು. ತಾತನ ಷಷ್ಟ್ಯಬ್ದಿಯ ಫೋಟೋ ಯಾವ ಅಂಗಡಿಯಲ್ಲಿ ಸಿಗುತ್ತದೆ? ಕಾಪಿ ಹಾಕಿಕೊಂಡೆ ಅಂದರೂ ಸಾಲದು, ಹಾಕಿಕೊಂಡ ಕಡೆ ಹೋಗಿ ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡು. ಜನ ಡೆಸ್ಕ್‌ಟಾಪ್ ನೋಡುತ್ತಾರೆ, ಡಾಕ್ಯುಮೆಂಟ್ಸ್ ನೋಡುತ್ತಾರೆ, ಮುಗಿಯಿತು ಅಂದುಕೊಳ್ಳುತ್ತಾರೆ. ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಪಹಣಿ, ಅಪ್ಪನ ಅಂಗಡಿಯ ಟ್ಯಾಲಿ ಡೇಟಾ, ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳು ಇವೆಲ್ಲ ಆಮೇಲೆ ನೆನಪಾಗುತ್ತವೆ. ಕನ್ನಡದವರ ಮನೆಯಲ್ಲಿ ಇನ್ನೊಂದು ವಿಶೇಷ ಉಂಟು. ಯೂನಿಕೋಡ್ ಬರುವ ಮುಂಚೆ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಹಳೇ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಜೊತೆಗೆ ತೆಗೆದುಕೊ. ಇಲ್ಲದಿದ್ದರೆ ಅತ್ತೆಯ ಪಿಎಚ್‌ಡಿ ಪ್ರಬಂಧ ಹೊಸ ಡಿಸ್ಕಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ.

ಡಿಸ್ಕಿನ ಆರೋಗ್ಯವನ್ನೂ ಆಗಲೇ ನೋಡಿಕೊ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ತಂತ್ರಾಂಶ ಇದೆ, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕವನ್ನು ಅದು ತೋರಿಸುತ್ತದೆ. ಅದರಲ್ಲಿ ಸಾಲುಸಾಲು ಅಂಕಿ ಬರುತ್ತವೆ, ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳಬೇಡ. ಕೆಟ್ಟುಹೋಗಿ ಬೇರೆ ಕಡೆ ಬದಲಾಯಿಸಿದ ಸೆಕ್ಟರ್‌ಗಳೆಷ್ಟು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳೆಷ್ಟು, ಈ ಎರಡು ಸಾಲು ಸಾಕು. ಎರಡೂ ಸೊನ್ನೆಯಾಗಿದ್ದರೆ ನಿಧಾನವಾಗಿ ಕೆಲಸ ಮಾಡು. ಸೊನ್ನೆ ಅಲ್ಲದೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಬಹಳ ಬೇಕಾದ ಫೋಲ್ಡರ್‌ಗಳನ್ನು ಮೊದಲು ಎತ್ತಿಕೊ, ಸಿನಿಮಾ ಹಾಡು ಆಮೇಲೆ. ಅಂಥ ಡಿಸ್ಕನ್ನು ಸ್ಕ್ಯಾನ್ ಮಾಡಿ ರಿಪೇರಿ ಮಾಡುತ್ತೇನೆ ಅಂತ ರಾತ್ರಿಯಿಡೀ ಓಡಿಸಬೇಡ. ಅದಕ್ಕಿರುವ ಕೊನೆಯ ಶಕ್ತಿ ಕಾಪಿಗೆ ಬೇಕು, ಪರೀಕ್ಷೆಗಲ್ಲ.

ಸದ್ದಿನ ವಿಷಯ. ಟಕ್, ಟಕ್, ಟಕ್ ಅಂತ ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿದ್ದರೆ ಕರೆಂಟ್ ತೆಗೆದುಬಿಡು. ಓದುವ ಹೆಡ್ ತನ್ನ ದಾರಿ ಸಿಗದೆ ಮತ್ತೆ ಮತ್ತೆ ಹೊರಟ ಜಾಗಕ್ಕೇ ಮರಳುತ್ತಿದೆ ಅಂತ ಅರ್ಥ. ಪ್ರತಿ ಸಲ ಆನ್ ಮಾಡಿದಾಗಲೂ ನಷ್ಟ ಹೆಚ್ಚಬಹುದು. ಒಳಗಿರುವುದು ನಿಜವಾಗಿಯೂ ಬೆಲೆಬಾಳುವುದಾದರೆ ಡೇಟಾ ಮರಳಿ ತೆಗೆಯುವ ಪರಿಣತರ ಹತ್ತಿರ ಹೋಗು, ದುಡ್ಡು ಜಾಸ್ತಿಯೇ ಆಗುತ್ತದೆ. ಫ್ರಿಜ್ಜಿನಲ್ಲಿ ಇಟ್ಟು ತೆಗೆದರೆ ಓಡುತ್ತದೆ ಅಂತ ಯಾರೋ ಹೇಳುತ್ತಾರೆ, ಕೇಳಬೇಡ. ತಣ್ಣಗಿನ ಡಿಸ್ಕನ್ನು ನಮ್ಮ ಮಲೆನಾಡಿನ ಗಾಳಿಗೆ ತೆಗೆದರೆ ಒಳಗೂ ಹೊರಗೂ ನೀರಿನ ಪಸೆ ಕಟ್ಟುತ್ತದೆ, ಉಳಿದಿದ್ದೂ ಹೋಗುತ್ತದೆ. ಆದರೆ ಇದೇ ಟಕ್ ಟಕ್ ಸದ್ದಿಗೆ ಇನ್ನೊಂದು ಕಾರಣವೂ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಲ್ಯಾಪ್‌ಟಾಪ್ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಹಳೇ ಕಂಪ್ಯೂಟರ್‌ಗೆ ಚುಚ್ಚಿದಾಗ, ತಿರುಗಲು ಶುರು ಮಾಡುವ ಗಳಿಗೆಯಲ್ಲಿ ಅದು ಹೆಚ್ಚು ಕಮ್ಮಿ ಒಂದು ಆಂಪಿಯರ್ ಕೇಳುತ್ತದೆ. ಯುಎಸ್‌ಬಿ 2.0 ಪೋರ್ಟ್ ಲೆಕ್ಕದ ಪ್ರಕಾರ ಕೊಡುವುದು 500 ಮಿಲಿ ಆಂಪಿಯರ್. ಸಾಲದೆ ಡಿಸ್ಕ್ ಎದ್ದು ಬೀಳುತ್ತದೆ, ಕೇಳುವವನಿಗೆ ಸತ್ತೇ ಹೋಯಿತು ಅನ್ನಿಸುತ್ತದೆ. ಹೊರಗೆ ಹಾಕಿದಾಗ ಮಾತ್ರ ಹಾಗೆ ಸದ್ದು ಬಂದರೆ ಹೆದರುವ ಮೊದಲು ಕೇಬಲ್ ಬದಲಾಯಿಸು, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಾಕಿ ನೋಡು. ಚೆನ್ನಾಗಿಯೇ ಇದ್ದ ಡಿಸ್ಕುಗಳನ್ನು ಈ ಒಂದು ಕಾರಣಕ್ಕೆ ಗುಜರಿಗೆ ಹಾಕಿದವರಿದ್ದಾರೆ.

ಹಾರ್ಡ್ ಡಿಸ್ಕ್ ಯಾಕಿಷ್ಟು ನಾಜೂಕು ಅಂತ ಒಂದು ಸಲ ತಿಳಿದುಕೊಂಡರೆ ಕೈ ತಾನಾಗಿಯೇ ಮೆತ್ತಗಾಗುತ್ತದೆ. ಎರಡೂವರೆ ಇಂಚಿನ ಆ ಡಬ್ಬಿಯೊಳಗಿನ ತಟ್ಟೆಗಳು ಸಾಮಾನ್ಯವಾಗಿ ಗಾಜಿನವು, ಅವುಗಳ ಮೇಲೆ ಕಾಂತೀಯ ಲೇಪನ. ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಓದುವ ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ, ತಿರುಗುವ ವೇಗಕ್ಕೆ ಏಳುವ ಗಾಳಿಯ ಪದರದ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಬರಿಗಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಬಂಡೆಯೇ. ಆದ್ದರಿಂದ ಡಿಸ್ಕಿನ ಮೇಲ್ಮುಚ್ಚಳವನ್ನು ಎಂದೂ ಬಿಚ್ಚಬೇಡ, ಕುತೂಹಲಕ್ಕೂ ಬೇಡ. ಮುಚ್ಚಳದಲ್ಲಿ ಒಂದು ಪುಟ್ಟ ತೂತಿರುತ್ತದೆ, ಪಕ್ಕದಲ್ಲಿ ಇದನ್ನು ಮುಚ್ಚಬೇಡಿ ಅಂತ ಬರೆದಿರುತ್ತದೆ. ಅದು ಹೊರಗಿನ ಗಾಳಿಯ ಒತ್ತಡಕ್ಕೆ ಒಳಗಿನದನ್ನು ಹೊಂದಿಸುವ ಉಸಿರಿನ ದಾರಿ. ನಿನ್ನ ಹೆಸರಿನ ಸ್ಟಿಕ್ಕರನ್ನು ಅದರ ಮೇಲೆ ಅಂಟಿಸಬೇಡ. ಹಿಡಿಯುವಾಗ ಎರಡು ಅಂಚು ಹಿಡಿ. ಮುಚ್ಚಳದ ನಡುವೆ ಹೆಬ್ಬೆರಳು ಒತ್ತಬೇಡ, ಅದು ತೆಳು ತಗಡು. ಕೆಳಗಿನ ಹಸಿರು ಬೋರ್ಡಿಗೆ ಬೆರಳು ತಾಗಿಸಬೇಡ.

ಇನ್ನು ಆಫ್ ಮಾಡುವುದು. ಮುಚ್ಚಳ ಮಡಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ ಅಷ್ಟೆ, ಆಫ್ ಆಗುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೂ ಅರ್ಧ ನಿದ್ದೆಯೇ, ಮತ್ತೆ ಬೇಗ ಏಳಲಿ ಅಂತ ಒಂದಿಷ್ಟನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಡಿಸ್ಕ್ ತೆಗೆಯುವ ದಿನ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡು, ಪೂರ್ತಿ ಆಫ್ ಆಗುತ್ತದೆ. ಅದಕ್ಕೂ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ನೋಡಿಕೊ. ಈಚಿನ ಯಂತ್ರಗಳಲ್ಲಿ ನಾವು ಕೇಳದೆಯೇ ಅದು ಆನ್ ಆಗಿರಬಹುದು. 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿ ಇಡುವ ಜಾಣರೂ ಇದ್ದಾರೆ.

ಚಾರ್ಜರ್ ತೆಗಿ. ಹೊರಗೆ ತೆಗೆಯುವ ಬ್ಯಾಟರಿ ಆದರೆ ಅದನ್ನೂ ತೆಗೆದು ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿ, ಒಳಗೆ ಉಳಿದ ವಿದ್ಯುತ್ ಹರಿದುಹೋಗಲಿ. ಬ್ಯಾಟರಿ ಒಳಗೇ ಇದ್ದರೆ ಕೆಳಗಿನ ಕವಚ ಬಿಚ್ಚಿದ ಕೂಡಲೇ ಮೊದಲ ಕೆಲಸ ಅದರ ಕನೆಕ್ಟರ್ ಬಿಡಿಸುವುದು, ಬೇರೆ ಏನನ್ನೂ ಮುಟ್ಟುವ ಮುಂಚೆ. ಕೆಲವದರಲ್ಲಿ ಕನೆಕ್ಟರ್ ಮೇಲಕ್ಕೆ ಏಳುತ್ತದೆ, ಕೆಲವದರಲ್ಲಿ ಪಕ್ಕಕ್ಕೆ ಜಾರುತ್ತದೆ. ವೈರ್ ಹಿಡಿದು ಎಳೆಯದೆ ಅದರ ತಲೆಯನ್ನು ನೋಡಿ ತೀರ್ಮಾನ ಮಾಡು. ಟಚ್‌ಪ್ಯಾಡ್ ಉಬ್ಬಿದ್ದರೆ, ಬ್ಯಾಟರಿ ದಿಂಬಿನಂತೆ ಊದಿದ್ದರೆ ಅಲ್ಲಿಗೇ ನಿಲ್ಲಿಸು. ಉಬ್ಬಿದ ಲಿಥಿಯಂ ಬ್ಯಾಟರಿಯ ಹತ್ತಿರ ಚೂಪಾದ ಲೋಹ ಆಡಿಸುವುದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ.

ಎಲ್ಲಿ ಕೂತು ಬಿಚ್ಚುತ್ತೀ ಅನ್ನುವುದೂ ಮುಖ್ಯ. ನನ್ನನ್ನು ಕೇಳಿದರೆ ಡೈನಿಂಗ್ ಟೇಬಲ್‌ಗಿಂತ ನೆಲ ಒಳ್ಳೆಯದು. ಚಾಪೆ ಹಾಸಿ, ಮೇಲೊಂದು ಹತ್ತಿಯ ಪಂಚೆ ಮಡಚಿ ಹಾಕಿ ಕೂತುಕೊ. ಟೇಬಲ್ ಎತ್ತರದಿಂದ ವಿಟ್ರಿಫೈಡ್ ಟೈಲ್ಸ್ ಮೇಲೆ ಬಿದ್ದ ಹಾರ್ಡ್ ಡಿಸ್ಕ್ ಹೊರಗಿನಿಂದ ಏನೂ ಆಗದ ಹಾಗೆ ಕಾಣುತ್ತದೆ, ಒಳಗೆ ಮುಗಿದಿರುತ್ತದೆ. ನೆಲದಲ್ಲಿ ಕೂತರೆ ಬಿದ್ದರೂ ಒಂದು ಗೇಣು. ಎರಡು ಡಿಸ್ಕುಗಳನ್ನು ಒಂದರ ಮೇಲೊಂದು ಇಡಬೇಡ. ಓಡುತ್ತಿರುವ ಡಿಸ್ಕನ್ನಂತೂ ಮಿಸುಕಿಸಲೇಬೇಡ, ಕರೆಂಟ್ ತೆಗೆದ ಮೇಲೂ ಅದು ತಿರುಗಿ ನಿಲ್ಲಲು ಅರ್ಧ ನಿಮಿಷ ಕೊಟ್ಟು ಆಮೇಲೆ ಎತ್ತು. ನಿಂತಾಗ ಹೆಡ್ ತಟ್ಟೆಯಿಂದ ಹೊರಗಿನ ಇಳಿಜಾರಿಗೆ ಹತ್ತಿ ಕೂರುತ್ತದೆ. ಅದಕ್ಕೇ ನಿಂತ ಡಿಸ್ಕ್ ಓಡುವ ಡಿಸ್ಕಿಗಿಂತ ಎಷ್ಟೋ ಹೆಚ್ಚು ಪೆಟ್ಟು ತಾಳುತ್ತದೆ.

ಸ್ಟ್ಯಾಟಿಕ್ ವಿದ್ಯುತ್ತಿನ ಬಗ್ಗೆ ಹೆದರಿಸುವವರು ಬಹಳ, ಆದರೆ ಅದು ಸುಳ್ಳೂ ಅಲ್ಲ. ನಮಗೆ ಚುರ್ ಅನ್ನುವ ಹೊತ್ತಿಗೆ ಮೈಮೇಲೆ ಮೂರು ಸಾವಿರ ವೋಲ್ಟ್ ಸೇರಿರುತ್ತದೆ. ಚಿಪ್ ಹಾಳಾಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು, ನಮಗೆ ಗೊತ್ತೂ ಆಗುವುದಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಇದರ ಕಾಟ ಕಮ್ಮಿ. ಕಲಬುರಗಿ, ರಾಯಚೂರಿನ ಒಣ ಹವೆಯಲ್ಲಿ, ಎ.ಸಿ. ಕೋಣೆಯಲ್ಲಿ, ಬೆಂಗಳೂರಿನ ಜನವರಿಯಲ್ಲಿ ಜಾಸ್ತಿ. ಪಾಲಿಯೆಸ್ಟರ್ ಬಟ್ಟೆ, ಉಣ್ಣೆಯ ಸ್ವೆಟರ್, ಕಾರ್ಪೆಟ್ ಬೇಡ. ನೀರಿನ ನಲ್ಲಿ ಮುಟ್ಟಿ ಬಾ ಅನ್ನುವ ಹಳೇ ಬುದ್ಧಿಮಾತು ಈಗ ಎಲ್ಲ ಮನೆಗೂ ಹೊಂದುವುದಿಲ್ಲ, ಪೈಪುಗಳೆಲ್ಲ ಪ್ಲಾಸ್ಟಿಕ್ ಆಗಿ ನಲ್ಲಿಗೂ ನೆಲಕ್ಕೂ ನಂಟೇ ಇರುವುದಿಲ್ಲ. ಲ್ಯಾಪ್‌ಟಾಪ್‌ನ ಒಳಗಿನ ಲೋಹದ ಚೌಕಟ್ಟನ್ನು ಮುಟ್ಟಿ ಆಮೇಲೆ ಬಿಡಿಭಾಗ ಮುಟ್ಟು, ಆಗಾಗ ಮುಟ್ಟುತ್ತಿರು. ಕೈಯೂ ಯಂತ್ರವೂ ಒಂದೇ ವೋಲ್ಟೇಜಿನಲ್ಲಿದ್ದರೆ ಕಿಡಿ ಹಾರುವ ಪ್ರಶ್ನೆಯೇ ಇಲ್ಲ. ಹೊಸ ಎಸ್‌ಎಸ್‌ಡಿಯನ್ನು ಅದರ ಬೆಳ್ಳಿ ಬಣ್ಣದ ಚೀಲದಿಂದ ಕೊನೆಯ ಗಳಿಗೆಯವರೆಗೂ ತೆಗೆಯಬೇಡ. ಆ ಚೀಲದ ರಕ್ಷಣೆ ಇರುವುದು ಅದರೊಳಗೆ, ಮೇಲೆ ಇಟ್ಟರೆ ಪ್ರಯೋಜನವಿಲ್ಲ.

ಸ್ಕ್ರೂಗಳಿಗೆ ಸರಿಯಾದ ಬಿಟ್ ಬೇಕು. ಲ್ಯಾಪ್‌ಟಾಪ್‌ಗೆ ಹೆಚ್ಚಾಗಿ ಫಿಲಿಪ್ಸ್ ಶೂನ್ಯ ಮತ್ತು ಎರಡು ಶೂನ್ಯದ ಸೈಜು, ಮ್ಯಾಕ್‌ಬುಕ್ ಆದರೆ ಡಿಸ್ಕಿನ ಪಕ್ಕದ ಗುಬುಟುಗಳಿಗೆ ಟಾರ್ಕ್ಸ್ ಟಿ6. ಮನೆಯಲ್ಲಿರುವ ದಪ್ಪ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆಯುತ್ತದೆ, ಆಮೇಲೆ ಅರ್ಧ ಗಂಟೆಯ ಕೆಲಸ ಅರ್ಧ ದಿನದ್ದಾಗುತ್ತದೆ. ಬಿಚ್ಚುವಾಗಲೂ ತಿರುಗಿಸುವುದಕ್ಕಿಂತ ಕೆಳಕ್ಕೆ ಒತ್ತುವ ಬಲ ಜಾಸ್ತಿ ಇರಲಿ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸುತ್ತಾ ಹೋಗು. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ಬಿಗಿ ಮಾಡಿ ಕೀಬೋರ್ಡಿನ ಕಡೆಯಿಂದ ಮೊಳಕೆ ಒಡೆಸಿದವರನ್ನು ನೋಡಿದ್ದೇನೆ. ಎಲ್ಲ ಬಿಚ್ಚಿದ ಮೇಲೂ ಕವಚ ಏಳದಿದ್ದರೆ ಬಲ ಹಾಕಬೇಡ, ರಬ್ಬರ್ ಪಾದದ ಕೆಳಗೋ ಸ್ಟಿಕ್ಕರ್ ಕೆಳಗೋ ಇನ್ನೊಂದು ಕಾದಿರುತ್ತದೆ. ಅಂಚು ಬಿಡಿಸಲು ಚಾಕು ಬೇಡ, ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು.

ಈಗ ಡಿಸ್ಕ್ ಕಾಣುತ್ತದೆ. ಇಲ್ಲೇ ಜನ ಎಡವುವುದು, ಗಮನ ಕೊಟ್ಟು ಕೇಳು. ಸ್ಕ್ರೂ ಬಿಚ್ಚಿದ ಕೂಡಲೇ ಮೇಲಕ್ಕೆ ಎತ್ತಬೇಡ. ಅದು ಸಾಟಾ ಕನೆಕ್ಟರ್‌ಗೆ ಅಡ್ಡಲಾಗಿ ಚುಚ್ಚಿಕೊಂಡಿದೆ. ಡೇಟಾಗೆ 7, ಕರೆಂಟಿಗೆ 15 ಸಂಪರ್ಕಗಳು, ಎರಡೂ ಕಡ್ಡಿಯಷ್ಟು ತೆಳುವಾದ ಪ್ಲಾಸ್ಟಿಕ್ ನಾಲಿಗೆಯ ಮೇಲೆ ಕೂತಿವೆ. ಎತ್ತಿದರೆ ಆ ನಾಲಿಗೆ ಪಟ್ ಅಂತ ಮುರಿಯುತ್ತದೆ. ಪ್ಲಾಸ್ಟಿಕ್ ಪಟ್ಟಿ ಇದ್ದರೆ ಅದನ್ನು ಹಿಡಿದು, ಇಲ್ಲದಿದ್ದರೆ ಎರಡು ಅಂಚಿಗೂ ಬೆರಳು ಕೊಟ್ಟು, ಕನೆಕ್ಟರ್‌ನಿಂದ ದೂರಕ್ಕೆ ಅರ್ಧ ಇಂಚು ನೇರವಾಗಿ ಜಾರಿಸು. ಪೂರ್ತಿ ಬಿಟ್ಟುಕೊಂಡಿದ್ದು ಕಣ್ಣಿಗೆ ಕಂಡ ಮೇಲೆ ಆ ತುದಿಯನ್ನು ನಿಧಾನವಾಗಿ ಎತ್ತು. ಕೆಲವು ಯಂತ್ರಗಳಲ್ಲಿ ರಿಬ್ಬನ್‌ನಂಥ ಕೇಬಲ್ ಇರುತ್ತದೆ, ಅದರ ಪುಟ್ಟ ಕಪ್ಪು ಚಿಲಕವನ್ನು ಉಗುರಿನಿಂದ ಮೇಲಕ್ಕೆ ಮಗುಚಿ ಆಮೇಲೆ ಎಳೆಯಬೇಕು. ಹಳೇ ಡಿಸ್ಕಿನ ಲೋಹದ ಚೌಕಟ್ಟನ್ನೂ ರಬ್ಬರ್ ಪಟ್ಟಿಗಳನ್ನೂ ಬಿಸಾಡಬೇಡ, ಹೊಸದಕ್ಕೆ ಅವೇ ಬೇಕು. ಹಳೆಯದು 9.5 ಮಿಲಿಮೀಟರ್ ದಪ್ಪ, ಹೊಸ ಎಸ್‌ಎಸ್‌ಡಿ 7. ಆ ಎರಡೂವರೆ ಮಿಲಿಮೀಟರ್ ತುಂಬಲು ಒಂದು ಪ್ಲಾಸ್ಟಿಕ್ ಚೌಕ ಜೊತೆಗೆ ಬಂದರೆ ಬಂತು, ಇಲ್ಲದಿದ್ದರೆ ಬೇರೆಯಾಗಿ ತರಬೇಕು. ಸಡಿಲ ಬಿಟ್ಟರೆ ಒಂದಲ್ಲ ಒಂದು ದಿನ ಕನೆಕ್ಟರ್ ಅಲುಗುತ್ತದೆ.

ಕೊಳ್ಳುವ ಮೊದಲು ನಿನ್ನ ಯಂತ್ರಕ್ಕೆ ಯಾವ ಜಾತಿಯದ್ದು ಬೇಕು ಅಂತ ಖಚಿತ ಮಾಡಿಕೊ. ಡಿವಿಡಿ ಡ್ರೈವ್ ಇದ್ದ ಕಾಲದವಕ್ಕೆ ಬಹುಪಾಲು ಎರಡೂವರೆ ಇಂಚಿನ ಸಾಟಾ. ಚೂಯಿಂಗ್ ಗಮ್ ಪಟ್ಟಿಯ ಆಕಾರದ ಎಂ.2ನಲ್ಲಿ ಸಾಟಾ ಬೇರೆ, ಎನ್‌ವಿಎಂಇ ಬೇರೆ, ನೋಡಲು ಒಂದೇ ತರ. ಈಚಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಬಿಚ್ಚಿದರೂ ಬದಲಿಸಲು ಏನೂ ಸಿಗುವುದಿಲ್ಲ. ಇದ್ದದ್ದನ್ನೆಲ್ಲ ಹೊಸದಕ್ಕೆ ಹಾಗೇ ಪಡಿಯಚ್ಚು ತೆಗೆಯಲು ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶಗಳಿವೆ. ಮೂಲ ಯಾವುದು, ಗುರಿ ಯಾವುದು ಅಂತ ಕೇಳುವ ಪರದೆಯಲ್ಲಿ ಡಿಸ್ಕಿನ ಮಾಡೆಲ್ ನಂಬರ್ ಓದಿಯೇ ಮುಂದೆ ಹೋಗು. ಅಲ್ಲಿ ಅದಲು ಬದಲಾದರೆ ಖಾಲಿ ಡಿಸ್ಕಿನ ಪಡಿಯಚ್ಚು ತುಂಬಿದ ಡಿಸ್ಕಿನ ಮೇಲೆ ಬೀಳುತ್ತದೆ. ಇದು ಗಂಟೆಗಟ್ಟಲೆ ನಡೆಯುವ ಕೆಲಸ, ನಡುವೆ ಕರೆಂಟ್ ಹೋಗಬಾರದು. ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇರುವ ಮನೆಯಲ್ಲಿ ಮಾಡು. ನನ್ನ ಇಷ್ಟ ಕೇಳಿದರೆ ವರ್ಷಗಟ್ಟಲೆ ಕಸ ಸೇರಿದ ವಿಂಡೋಸನ್ನು ಕ್ಲೋನ್ ಮಾಡುವುದಕ್ಕಿಂತ ಹೊಸದಾಗಿ ಹಾಕಿಕೊಳ್ಳುವುದೇ ಮೇಲು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ನಿನ್ನ ಹಳೇ ಯಂತ್ರ 11ನ್ನು ಒಪ್ಪದಿದ್ದರೆ ಲಿನಕ್ಸ್ ಹಾಕು, ಚೆನ್ನಾಗಿ ಓಡುತ್ತದೆ.

ಡಿವಿಡಿ ಡ್ರೈವ್ ವಿಷಯಕ್ಕೆ ಬರುತ್ತೇನೆ. ಅದನ್ನು ತೆಗೆಯುವ ಮುಂಚೆ ಬೀರು ತೆರೆದು ನೋಡು. ಒಂದು ಕಾಲದಲ್ಲಿ ನಮ್ಮ ಕಡೆ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲದರ ವಿಡಿಯೋ ಬರುತ್ತಿದ್ದುದು ಡಿವಿಡಿಯಲ್ಲೇ. ಮೇಲೆ ವಧೂವರರ ಫೋಟೋ ಅಚ್ಚಾದ ಆ ತಟ್ಟೆಗಳನ್ನು ಓದುವ ಯಂತ್ರ ಬಹುಶಃ ಇಡೀ ಮನೆಯಲ್ಲಿ ಇದೊಂದೇ. ಬರೆದ ಡಿವಿಡಿಯಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ, ಬಿಸಿಲಿಗೂ ಸೆಖೆಗೂ ಅದು ಮಾಸುತ್ತದೆ. ಕರಾವಳಿ, ಮಲೆನಾಡಿನ ತೇವಕ್ಕೆ ಅಂಚಿನಿಂದ ಬೂಷ್ಟು ಹಿಡಿಯುವುದೂ ಉಂಟು. ಡ್ರೈವ್ ಇನ್ನೂ ಯಂತ್ರದಲ್ಲಿರುವಾಗಲೇ ಅವನ್ನೆಲ್ಲ ಕಾಪಿ ಮಾಡಿಕೊ. ಒರೆಸುವುದಾದರೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸು, ಸುತ್ತ ತಿರುಗಿಸಿ ಬೇಡ. ಅಡ್ಡ ಗೀರನ್ನು ಡ್ರೈವ್ ಹೇಗೋ ದಾಟಿಕೊಳ್ಳುತ್ತದೆ, ಟ್ರ್ಯಾಕಿನ ಉದ್ದಕ್ಕೂ ಬಿದ್ದ ಗೀರನ್ನು ದಾಟಲಾರದು. ಸಿಡಿ ಆದರೆ ಹೊಳೆಯುವ ಕಡೆಗಿಂತ ಹೆಸರು ಬರೆಯುವ ಕಡೆ ಹುಷಾರು. ಸಿಡಿಯಲ್ಲಿ ಮಾಹಿತಿ ಆ ಲೇಬಲ್‌ನ ಕೆಳಗೇ ಇದೆ, ಕೆರೆದರೆ ಹೋಯಿತು. ಡಿವಿಡಿಯಲ್ಲಿ ಅದು ಎರಡು ತೆಳು ಪದರಗಳ ನಡುವೆ ಬೆಚ್ಚಗಿರುತ್ತದೆ.

ಲ್ಯಾಪ್‌ಟಾಪ್ ಡ್ರೈವಿನ ಟ್ರೇ ಬಹಳ ತೆಳು. ಡಿಸ್ಕ್ ಹಾಕುವಾಗ ಒಂದು ಕೈಯನ್ನು ಟ್ರೇ ಕೆಳಗೆ ಆಸರೆ ಕೊಟ್ಟು, ನಡುವಿನ ಗುಬುಟಿನ ಸುತ್ತ ಎರಡು ಬೆರಳಲ್ಲಿ ಒತ್ತು, ಕಟಕ್ ಅನ್ನುವವರೆಗೆ. ತೆಗೆಯುವಾಗ ಗುಬುಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಅಂಚಿನಿಂದ ಎತ್ತು. ಬರೀ ಅಂಚು ಹಿಡಿದು ಬಗ್ಗಿಸಿದರೆ ನಡುವಿನ ರಂಧ್ರದಿಂದ ಬಿರುಕು ಹೊರಡುತ್ತದೆ. ಬಿರುಕು ಬಿಟ್ಟ ಡಿಸ್ಕ್ ಹಾಕಲೇಬೇಡ, ಪೂರ್ತಿ ವೇಗದಲ್ಲಿ ಒಡೆದರೆ ಚೂರುಗಳನ್ನು ಡ್ರೈವಿನೊಳಗಿಂದ ಆರಿಸಬೇಕಾಗುತ್ತದೆ. ಟ್ರೇ ಸಿಕ್ಕಿಹಾಕಿಕೊಂಡರೆ ಲ್ಯಾಪ್‌ಟಾಪ್ ಆಫ್ ಮಾಡಿ, ಮುಂಭಾಗದ ಸೂಜಿತೂತಿಗೆ ಬಿಡಿಸಿದ ಪೇಪರ್ ಕ್ಲಿಪ್ ನೇರವಾಗಿ ಒತ್ತು. ಇನ್ನೊಂದು ಮಾತು. ಡ್ರೈವಿನ ಕವಚ ಬಿಚ್ಚಿಟ್ಟು ಓಡಿಸಿ ನೋಡಬೇಡ. ಮುಚ್ಚಿದ್ದಾಗ ಮಾತ್ರ ಅದು ನಿರಪಾಯ. ಸಿಡಿ ಓದುವ ಕಿರಣ 780 ನ್ಯಾನೋಮೀಟರಿನದು, ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಆದ್ದರಿಂದ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ. ಬರೆಯುವ ಡ್ರೈವಿನ ಲೇಸರ್ ಕಣ್ಣಿನ ಪರದೆಯನ್ನು ಸುಡುವಷ್ಟು ಶಕ್ತವಾದದ್ದು.

ತೆಗೆಯುವುದು ಸುಲಭ. ಬಹಳಷ್ಟು ಮಾಡೆಲ್‌ಗಳಲ್ಲಿ ತಳಭಾಗದ ಒಂದೇ ಸ್ಕ್ರೂ, ಪಕ್ಕದಲ್ಲಿ ಡಿಸ್ಕಿನ ಚಿತ್ರ ಇರುತ್ತದೆ. ಬಿಚ್ಚಿ ಪಕ್ಕಕ್ಕೆ ಎಳೆದರೆ ಡ್ರೈವ್ ಜಾರಿ ಬರುತ್ತದೆ. ಆ ಜಾಗಕ್ಕೆ ಹಾರ್ಡ್ ಡಿಸ್ಕ್ ಕೂರಿಸುವ ಕ್ಯಾಡಿ ಸಿಗುತ್ತದೆ, 12.7 ಮತ್ತು 9.5 ಮಿಲಿಮೀಟರ್ ಎಂಬ ಎರಡು ದಪ್ಪದಲ್ಲಿ. ನಿನ್ನ ಡ್ರೈವನ್ನು ಅಳೆದು ತಗೊ. ಹಳೇ ಡ್ರೈವಿನ ಮುಂಭಾಗದ ಪ್ಲಾಸ್ಟಿಕ್ ಪಟ್ಟಿಯನ್ನೂ ಹಿಂದಿನ ಲೋಹದ ಕೊಂಡಿಯನ್ನೂ ಬಿಚ್ಚಿ ಕ್ಯಾಡಿಗೆ ಹಾಕಿಕೊ, ಹೊರಗಿನಿಂದ ವ್ಯತ್ಯಾಸವೇ ಕಾಣುವುದಿಲ್ಲ. ಎಸ್‌ಎಸ್‌ಡಿ ಮಾತ್ರ ಮೂಲ ಡಿಸ್ಕಿನ ಜಾಗದಲ್ಲೇ ಇರಲಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಕಡೆಯ ದಾರಿಯ ವೇಗ ಅರ್ಧ. ಹಳೇ ಹಾರ್ಡ್ ಡಿಸ್ಕನ್ನು ಕ್ಯಾಡಿಗೆ ಹಾಕುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಅಲ್ಲಿ ಮೂಲ ಜಾಗದ ರಬ್ಬರ್ ಮೆತ್ತೆ ಇಲ್ಲ, ಬ್ಯಾಟರಿಯನ್ನೂ ತಿನ್ನುತ್ತದೆ. ಯುಎಸ್‌ಬಿ ಕೇಸ್‌ಗೆ ಹಾಕಿ ಬೀರುವಿನಲ್ಲಿ ಇಡು, ಅದೇ ನಿನ್ನ ಬ್ಯಾಕಪ್. ತೆಗೆದ ಡಿವಿಡಿ ಡ್ರೈವಿಗೂ ಅಂಥ ಹೊರ ಕೇಸ್ ಸಿಗುತ್ತದೆ, ಬಂಧುಗಳು ತಮ್ಮ ಮದುವೆ ಡಿವಿಡಿ ಹಿಡಿದುಕೊಂಡು ಬಂದೇ ಬರುತ್ತಾರೆ.

ಹಳೇ ಡಿಸ್ಕನ್ನು ಒಂದೆರಡು ತಿಂಗಳು ಏನೂ ಅಳಿಸದೆ ಹಾಗೇ ಇಟ್ಟುಕೊ, ಮರೆತುಹೋದ ಫೋಲ್ಡರ್ ನೆನಪಾಗುವುದು ಆಗಲೇ. ಕೊನೆಗೆ ಯಾರಿಗಾದರೂ ಕೊಡುವುದಾದರೆ ಡಿಲೀಟ್, ಕ್ವಿಕ್ ಫಾರ್ಮ್ಯಾಟ್ ಇವೆರಡನ್ನೂ ನಂಬಬೇಡ. ಇವು ಸೂಚಿಯನ್ನು ಹರಿಯುತ್ತವೆ, ಪುಸ್ತಕ ಹಾಗೇ ಇರುತ್ತದೆ. ಹಾರ್ಡ್ ಡಿಸ್ಕ್ ಆದರೆ ಆರಂಭದಿಂದ ಕೊನೆಯವರೆಗೆ ಒಂದು ಸಲ ಪೂರ್ತಿ ಸೊನ್ನೆ ಬರೆಸು, ಸಾಕು. ಎಸ್‌ಎಸ್‌ಡಿ ಆದರೆ ಕಂಪನಿಯವರು ಕೊಡುವ ಸೆಕ್ಯೂರ್ ಇರೇಸ್ ಬಳಸು. ಅಂಗಡಿಯಲ್ಲಿ ಬದಲಾಯಿಸಿದರೆ ಹಳೆಯದನ್ನು ಕೇಳಿ ವಾಪಸ್ ತಗೊ, ಅದರೊಳಗಿರುವುದು ನಿಮ್ಮ ಮನೆ. ಸತ್ತ ಡಿಸ್ಕನ್ನು ಸುತ್ತಿಗೆಯಲ್ಲಿ ಜಜ್ಜಿಯೇ ತೀರುತ್ತೇನೆ ಅಂತಾದರೆ ಮೊದಲು ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊ. ಗಾಜಿನ ತಟ್ಟೆ ಸೂಜಿಯಂಥ ಚೂರುಗಳಾಗಿ ಸಿಡಿಯುತ್ತದೆ. ಆಮೇಲೆ ಅದನ್ನು ಪಾಲಿಕೆಯ ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡು.